ಗೇಟಿಗೆ ಅಡ್ಡ ಮಲಗಿದ ಕುರಿಗಳು

ಘಟಪ್ರಭೆಯ ದಂಡೆ,
ಕಡುಬೇಸಿಗೆ ಮಾಸದ ಒಂಬತ್ತು, ಇಸವಿ ೨೧೯೪

ದನ ಕುರಿಗಳ ಕಿವಿಗೆ ಮೊದಮೊದಲು ಹಳದಿ ಬಿಲ್ಲೆ ಚುಚ್ಚಿದ ಕಾಲದ ಹಿರಿಯರಿಗೆ,

ಮೇಲೆ ಬರೆದ ಮಾಸ ನಿಮ್ಮ ಪಂಚಾಂಗದಲ್ಲಿಲ್ಲ. ಇದ್ದ ತಿಂಗಳುಗಳಲ್ಲಿ ಬೇಸಿಗೆ ಹಿಡಿಸದೆ ಹೋದಾಗ ನಮ್ಮವರು ಮಾಡಿಕೊಂಡದ್ದು ಅದು. ನನ್ನ ಇನ್ನೂ ಕೆಲವು ಮಾತು ನಿಮಗೆ ವಿಚಿತ್ರ ಕೇಳಿಸಬಹುದು, ಮನ್ನಿಸಬೇಕು. ಆದರೆ ಮನ್ನಣೆ ಕೇಳುವುದು ಮಾತಿಗೆ ಮಾತ್ರ. ನಾನು ಮಾಡಿದ್ದಕ್ಕೆ ಅಲ್ಲ.

ನನ್ನ ಹೆಸರು ಲಗಮವ್ವ. ಕುರಿ ಕಾಯುವವಳು. ನಮ್ಮಲ್ಲಿ ಮರಿ ಹುಟ್ಟಿ ತಾಯಿ ಅದನ್ನು ನೆಕ್ಕಿ ಒಣಗಿಸುತ್ತಿದ್ದ ಹಾಗೆ ಕಿವಿಯ ಹಿಂದೆ ಚರ್ಮದೊಳಗೆ ಅಕ್ಕಿಕಾಳಿನಷ್ಟು ಸಣ್ಣ ಮಣಿಯೊಂದನ್ನು ಇಡುತ್ತೇವೆ. ಅದಕ್ಕೆ ಜಾಡುಮಣಿ ಎನ್ನುತ್ತೇವೆ. ಹಾದಿಯುದ್ದಕ್ಕೂ ಕೇಳುಗಂಬಗಳಿವೆ, ಹಿಂಡು ಪಕ್ಕದಲ್ಲಿ ಹಾದುಹೋದರೆ ಸಾಕು, ಯಾವ ಕುರಿ ಎಲ್ಲಿತ್ತು ಎಂಬುದನ್ನು ಕಂಬ ತಾನೇ ಗುರುತಿಟ್ಟುಕೊಳ್ಳುತ್ತದೆ. ಕೊನೆಗೆ ಮಾಂಸಶಾಲೆಯ ಗೇಟಿನಲ್ಲಿ ಹುಟ್ಟಿನಿಂದ ಅಲ್ಲಿಯವರೆಗಿನ ಹಾದಿಯೆಲ್ಲ ಒಂದೇ ಎಳೆಯಾಗಿ ತೆರೆದುಕೊಳ್ಳುತ್ತದೆ. ಪಟ್ಟಣದಲ್ಲಿ ಸಾರು ಮಾಡುವ ಹೆಣ್ಣುಮಗಳು ಮಾಂಸದ ಪೊಟ್ಟಣ ಮುಟ್ಟಿದರೆ ಆ ಕುರಿ ಮೇಯ್ದ ಹೊಲ ಅವಳ ಕಣ್ಣಿಗೆ ಕಾಣುತ್ತದೆ. ಇದನ್ನು ನಾನು ಹಳಿಯುವುದಿಲ್ಲ. ನನ್ನ ಅತ್ತೆಯ ಕಾಲದಲ್ಲಿ ಕಾಲುಬಾಯಿ ಜ್ವರ ಬಂದಾಗ ರೋಗದ ಕುರಿ ಯಾವ ಸಂತೆಯಿಂದ ಬಂತೆಂದು ತಕ್ಷಣ ಗೊತ್ತಾಗಿ, ನಮ್ಮ ಹಿಂಡು ಉಳಿದದ್ದು ಇದೇ ಮಣಿಯಿಂದ. ನನ್ನ ಜಗಳ ಮಣಿಯ ಮೇಲಲ್ಲ.

ಹೋದ ವರ್ಷ ನಾನೂ ನನ್ನ ಮೈದುನ ಮುತ್ತೆಪ್ಪನೂ ಹಿಂಡು ಹೊಡೆದುಕೊಂಡು ಮಾಂಸಶಾಲೆಗೆ ಹೊರಟಿದ್ದೆವು. ಟಗರುಗಳನ್ನು ಅಲ್ಲಿ ಕೊಟ್ಟು, ತಾಯಿಕುರಿ ಮರಿಗಳೊಂದಿಗೆ ಹಿಂದಿರುಗುವುದು ನಮ್ಮ ರೂಢಿ. ನಡುವೆ ಬಿರುಗಾಳಿ ಎದ್ದು ಹೊಳೆಸಾಲಿನ ಕೇಳುಗಂಬಗಳೆಲ್ಲ ಉರುಳಿದವು. ನಾವು ನಿಲ್ಲಲಿಲ್ಲ. ರೈತರ ಹೊಲಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ತರುಬಿ ಮಲಗಿಸುತ್ತ, ಹೊಳೆ ದಾಟಿ ಗೇಟು ಮುಟ್ಟಿದೆವು. ಟಗರುಗಳನ್ನು ಒಳ ಅಂಗಳಕ್ಕೆ ಬಿಟ್ಟುಕೊಂಡ ಮೇಲೆ ಅಲ್ಲಿನ ಹಾದಿ ಓದುವ ಯಂತ್ರ ಕೆಂಪಗಾಯಿತು.

ಗೇಟಿನ ಅಧಿಕಾರಿ ಜಯತೀರ್ಥ ಕೆಟ್ಟ ಮನುಷ್ಯನಲ್ಲ. ಟಗರಿನ ಬಾಯಿ ಬಿಡಿಸಿ ನೋಡಿದ, ಗೊರಸು ನೋಡಿದ, ಆಮೇಲೆ ನನ್ನ ಮುಖ ನೋಡಲಾರದೆ ಹೇಳಿದ:

“ಅಕ್ಕಾರ, ನಿಮ್ಮ ಕುರಿ ಚಲೋ ಅದಾವು, ನನಗೂ ಕಾಣತೈತಿ. ಆದ್ರ ನಡುವಿನ ಹಾದಿ ಖಾಲಿ ಐತಿ. ಮ್ಯಾಲೆ ಊರ ಕಡೆ ಜ್ವರ ಎದ್ದೈತಿ. ಖಾಲಿ ಹಾದಿ ಕುರಿ ಅಂದ್ರ ರೋಗದ ಕುರಿ ಅಂತನ ಕಾಯ್ದೆ.”

“ಖಾಲಿ ಎಲ್ಲೈತ್ರಿ? ಆ ಹಾದಿ ತುಂಬ ನಾ ನಡದೀನಿ,” ಎಂದೆ.

“ನಿಮ್ಮ ಬಾಯಿಮಾತು ಹಾಕಾಕ ಇದರಾಗ ಜಾಗಾನ ಇಲ್ರಿ.”

ಒಳಗೆ ಹೋದ ಟಗರುಗಳನ್ನು ಹೊರಗೆ ಬಿಡುವಂತಿರಲಿಲ್ಲ. ನಾವು ಮಾತನಾಡುತ್ತಿದ್ದಾಗಲೇ ಅವನ್ನು ಕೊಂದು ಸುಣ್ಣದ ಗುಂಡಿಗೆ ಹಾಕಿದರು. ತಾಯಿ ಸತ್ತು, ನನ್ನ ಬೆರಳು ಚೀಪಿ ಹಾಲು ಕಲಿತ ಬೋಳ ಟಗರೊಂದು ಅದರಲ್ಲಿತ್ತು. ನಮ್ಮವು ಮಾಂಸವಾಗುವ ಕುರಿಗಳೇ. ಅದಕ್ಕೆ ಅಳುವ ಜನ ನಾವಲ್ಲ. ಆದರೆ ಯಾರ ಹೊಟ್ಟೆಗೂ ಆಗದೆ, ಯಾವ ರೋಗವೂ ಇಲ್ಲದೆ, ನಮ್ಮ ಮಾತು ಯಾರಿಗೂ ಬೇಡವಾಯಿತೆಂದು ಸತ್ತವು. ಮುಂದಿನ ಸರದಿ ಗೇಟಿನ ಹೊರಗಿದ್ದ ತಾಯಿಕುರಿ, ಮರಿಗಳದ್ದು; ಅವುಗಳ ಹಾದಿಯೂ ಖಾಲಿಯೇ.

ನಾನು ಜೋರು ಮಾಡಲಿಲ್ಲ. ಮುತ್ತೆಪ್ಪನನ್ನು ಬಂದ ಹಾದಿಗೆ ಹಿಂದಕ್ಕೆ ಕಳಿಸಿದೆ. ನಾನು ಗೇಟಿಗೆ ಅಡ್ಡ ಕೂತು ಸೀಟಿ ಹಾಕಿದೆ. ಕುರಿಗಳೆಲ್ಲ ನನ್ನ ಸುತ್ತ ಮಲಗಿ ಮೆಲುಕು ಹಾಕತೊಡಗಿದವು. ಹಿಂದೆ ಗಾಡಿಗಳ ಸಾಲು ಬೆಳೆಯಿತು. ಒಬ್ಬ ಚಾಲಕ ಇಳಿದು ಬಂದು, “ಏ ಯವ್ವಾ, ನಿನ್ನ ಕುರಿ ಸಲುವಾಗಿ ನಮ್ಮ ಹೊಟ್ಟಿ ಮ್ಯಾಲ ಯಾಕ ಹೊಡೀತಿ?” ಎಂದು ಕೂಗಾಡಿದ. “ನಾಳಿ ನಿನ್ನ ಗಾಡಿ ಹಾದ್ಯಾಗ ಕಂಬ ಬಿದ್ರ ನಿನ್ನ ಕುರೀನೂ ಗುಂಡಿಗೇ, ತಮ್ಮಾ,” ಎಂದೆ. ಅವನು ಹೋಗಿ ತನ್ನ ಗಾಡಿಯ ನೀರಿನ ಕ್ಯಾನು ತಂದು ಮರಿಗಳಿಗೆ ಸುರಿದ.

ಮರುದಿನ ಮಧ್ಯಾಹ್ನ ಮುತ್ತೆಪ್ಪ ಬಂದ. ಒಬ್ಬನೇ ಅಲ್ಲ. ಜೋಳದ ಹೊಲದಲ್ಲಿ ನಮ್ಮ ಕುರಿ ತರುಬಿಸಿಕೊಂಡ ಕಾಶೀಬಾಯಿ ಬಂದಳು. ಹೊಳೆ ದಾಟಿಸಿದ ದೋಣಿಯ ಮೌಲಾಸಾಬ ಬಂದ. ಅವರ ಹಿಂದೆ ನಾವು ಇಳಿದುಕೊಂಡ ಊರೂರಿನ ಜನ. ಕಾಶೀಬಾಯಿ ಸೆರಗು ಸಿಗಿಸಿಕೊಂಡು ಜಯತೀರ್ಥನ ಎದುರು ನಿಂತಳು: “ಇಕಿ ಕುರಿ ನನ್ನ ಹೊಲದಾಗ ಮಲಗ್ಯಾವು. ನನ್ನ ಎಮ್ಮಿ ಅವುಗಳ ಜೋಡಿ ಮೇದಾವು. ಜ್ವರ ಇದ್ರ ಮೊದಲ ನನ್ನ ಎಮ್ಮಿ ಸಾಯಬೇಕಿತ್ತು. ಹೋಗಿ ನೋಡು, ಈಗ ಹಾಲ ಕೊಡಾಕತ್ತಾವು. ಬರಕೋ.”

“ಎಲ್ಲೆ ಬರಕೊಳ್ಳಲೆವ್ವಾ? ಜಾಗ ಇಲ್ಲ,” ಎಂದ ಅವನು.

“ಇಲ್ಲಂದ್ರ ಮಾಡ್ರಿ,” ಎಂದೆ ನಾನು. “ಅಲ್ಲೀ ತನಕ ಕುರಿ ಎಬ್ಬಸಂಗಿಲ್ಲ.”

ಜಯತೀರ್ಥ ಕೊಲ್ಲುವವರಿಗೆ ಕೈಸನ್ನೆ ಮಾಡಿ ಹಿಂದಕ್ಕೆ ಕಳಿಸಿದ. ತನ್ನ ಕೈಯಾರೆ ಪರೀಕ್ಷೆಗೆಂದು ಕುರಿಗಳ ರಕ್ತ ತೆಗೆದ. ಮೇಲಿನವರು ಅವನನ್ನು ಬೈದದ್ದು ನನ್ನ ಕಿವಿಗೇ ಬಿತ್ತು. ಅವನು ಕೈ ನಿಲ್ಲಿಸಲಿಲ್ಲ. ರಕ್ತ ಸ್ವಚ್ಛವಾಗಿತ್ತು. ತಾಯಿಕುರಿಗಳು ಎದ್ದು, ಮೈ ಕೊಡವಿ, ಮರಿಗಳನ್ನು ಕರೆದವು. ನಾನು ಮಾತ್ರ ಹೊರಡಲಿಲ್ಲ. ಸುಣ್ಣದ ಗುಂಡಿ ತೋರಿಸಿ ಎಂದೆ. ಅದರ ಅಂಚಿನಲ್ಲಿ ಆ ಮೇಲಿನ ಅಧಿಕಾರಿಗಳೆಲ್ಲ ಬಂದು ನನ್ನ ಜೊತೆ ನಿಲ್ಲುವವರೆಗೂ ಅಲುಗಲಿಲ್ಲ. ಕಾಯ್ದೆ ಬದಲಾಗಲು ಮತ್ತೆ ಮತ್ತೆ ಸಭೆಗಳಾದವು. ಪ್ರತಿ ಸಭೆಗೂ ಹೋದೆ, ಮೌಲಾಸಾಬನೂ ದೋಣಿ ಕಟ್ಟಿಹಾಕಿ ಬಂದ. ಈಗ ಕಂಬ ಕೇಳದ ಹಾದಿಗೆ ಕಂಡವರ ಮಾತು ಸಾಕ್ಷಿಯಾಗುತ್ತದೆ, ರಕ್ತ ನೋಡದೆ ಯಾವ ಕುರಿಯನ್ನೂ ಕೊಲ್ಲುವಂತಿಲ್ಲ.

ಹಿರಿಯರೇ, ಮೊದಲ ಬಿಲ್ಲೆ ಚುಚ್ಚುವವರು ನೀವು; ಮೊದಲ ಕಾಯ್ದೆ ಬರೆಯುವವರೂ ನೀವೇ. ಜಾಡು ಹಿಡಿಯಿರಿ, ಬೇಡ ಎನ್ನುವುದಿಲ್ಲ. ಆದರೆ ಯಂತ್ರಕ್ಕೆ ಗೊತ್ತಿಲ್ಲದ್ದನ್ನೆಲ್ಲ ತಪ್ಪು ಎಂದು ಬರೆಯಬೇಡಿ. ಕುರಿಯ ಜೊತೆ ನಡೆದವರಿಗೆ ಬಾಯಿ ಇದೆ, ಅದಕ್ಕೊಂದು ಜಾಗ ಬಿಡಿ. ನೀವು ಬಿಡದಿದ್ದರೆ ನಾವು ಗೇಟಿಗೆ ಅಡ್ಡ ಕೂತು ಪಡೆಯಬೇಕಾಗುತ್ತದೆ. ಪಡೆಯುತ್ತೇವೆ, ಸಂಶಯ ಬೇಡ. ಆದರೆ ಅಷ್ಟರಲ್ಲಿ ಸುಣ್ಣದ ಗುಂಡಿ ತುಂಬಿರುತ್ತದೆ.

ಹಿಂಡು ಎದ್ದಿದೆ. ಹೊಳೆಸಾಲಿನಲ್ಲಿ ಮತ್ತೆ ಗಾಳಿ ಬೀಸಿ ಕಂಬಗಳು ಬಿದ್ದಿವೆಯಂತೆ. ಎತ್ತಿ ನಿಲ್ಲಿಸುವವರೆಗೆ ತಡೆಯಿರಿ ಎಂದು ಹೇಳಿಕಳಿಸಿದ್ದಾರೆ. ನಾನು ತಡೆಯುವುದಿಲ್ಲ. ಹೊರಟೆ.

ಲಗಮವ್ವ