ಅಮ್ಮನ ಕಿವಿಯ ಯಂತ್ರ

ಮಾರ್ಚ್ ೧೨, ಗುರುವಾರ.

ಅಮ್ಮನ ಕಿವಿಯ ಯಂತ್ರವನ್ನು ಭಾವನ ಅಂಗಡಿಯಲ್ಲೇ ಕೊಂಡಿದ್ದೆ. ಮನೆಯವರಲ್ಲವೇ ಎಂಬ ಧೈರ್ಯ. ಅದು ಯಾರೋ ಬಳಸಿ ಬಿಟ್ಟದ್ದು, ಮೇಲೆ ಹೊಸ ಕವಚ ಹಾಕಿದ್ದಾರೆ ಎಂದು ಇವತ್ತು ರಿಪೇರಿಯವರು ಬಿಚ್ಚಿ ತೋರಿಸಿದರು. ನೇರ ಅಂಗಡಿಗೆ ಹೋದೆ.

“ಮಾರಿದ ಮಾಲು ವಾಪಸ್ ತಗೊಳ್ಳಲ್ಲ. ಬೋರ್ಡ್ ನೋಡ್ಲಿಲ್ವಾ?” ಎಂದರು ಭಾವ.

“ಬೋರ್ಡ್ ಹಾಕಿದ್ರೆ ಕಾನೂನು ಬದಲಾಗುತ್ತಾ ಭಾವ? ಹಳೇದನ್ನ ಹೊಸದು ಅಂತ ಮಾರಿದ್ರೆ ವಾಪಸ್ ತಗೊಳ್ಳಲೇಬೇಕು.”

ನಕ್ಕರು. ಅದನ್ನಾದರೂ ಸಹಿಸಬಹುದಿತ್ತು. ಗಲ್ಲಾದಲ್ಲಿ ಕೂತಿದ್ದ ಅಕ್ಕ ತಲೆ ಎತ್ತಲೇ ಇಲ್ಲ. ಅವಳಿಗೆ ಮೊದಲೇ ಗೊತ್ತಿತ್ತು! ಹೆತ್ತ ಅಮ್ಮನಿಗೇ ಟೋಪಿ ಹಾಕಲು ಮನಸ್ಸಾದರೂ ಹೇಗೆ ಬಂತು?

ಮನೆಗೆ ಬಂದು, ಬೀದಿಗೆಲ್ಲ ಕೇಳುವಂತೆ ಕೂಗಿ ಅಮ್ಮನಿಗೆ ಹೇಳಬೇಕಾಯಿತು.

“ಮೊದಲ ದಿನಾನೇ ಸರಿಯಾಗಿ ಕೇಳಿಸ್ಲಿಲ್ಲ ಕಣೇ. ಅಳಿಯಂದ್ರಿಗೆ ಬೇಜಾರಾಗುತ್ತೆ ಅಂತ ಕೇಳಿಸ್ತಿದೆ ಅಂದೆ.”

ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಆದರೆ ಆಮೇಲೆ ಅಕ್ಕನ ಮನೆಗೆ ಕಾಲಿಡುವಂತಿಲ್ಲ ಎಂದೆ.

“ಕೊಡು. ನನ್ನ ಹೆಸರಲ್ಲೇ ಕೊಡು. ಮೋಸ ಹೋಗಿರೋಳು ನಾನು.”

ಈಗ ಪಕ್ಕದ ಕೋಣೆಯಲ್ಲಿ ಅಳುತ್ತಿದ್ದಾಳೆ. ನನಗೆ ಗೊತ್ತಾಗಬಾರದೆಂದು ಬಾಗಿಲು ಮುಚ್ಚಿಕೊಂಡಿದ್ದಾಳೆ. ತನ್ನ ಅಳು ಎಷ್ಟು ಜೋರಾಗಿದೆಯೆಂದು ಪಾಪ, ಅವಳಿಗೇ ಕೇಳಿಸುತ್ತಿಲ್ಲ.