ಕೌಸಲ್ಯತ್ತೆಯ ಟಾಕ

ನವೆಂಬರ್ 5, ಮಂಗಳವಾರ. ಬೀದರ, ಹಾಸ್ಟೆಲ್

ಕಲಾ ಇತಿಹಾಸ, ಎರಡು ಪೀರಿಯಡ್ ಸ್ಲೈಡ್. ಮೂರು ಸಲ ಕರೆಂಟ್ ಹೋಯಿತು. ಇವತ್ತು ಈಜಿಪ್ಟ್. ಎರಡು ಸಾವಿರ ವರ್ಷದ ಹಿಂದೆ ಹಲಗೆಯ ಮೇಲೆ ಬರೆದ ಮುಖಗಳು. ಹೆಣಕ್ಕೆ ಬಟ್ಟೆ ಸುತ್ತಿ, ಮುಖದ ಜಾಗದಲ್ಲಿ ಈ ಹಲಗೆ ಕಟ್ಟುತ್ತಿದ್ದರಂತೆ. ಕಣ್ಣುಗಳು ದೊಡ್ಡವು, ಒದ್ದೆ ಒದ್ದೆ. ಸಲಾವೋದ್ದೀನ ಸರ್ ಹೇಳಿದರು — "ಕೆಲವೊಂದು ಚಿತ್ರ ಮನುಷ್ಯ ಜೀವಂತ ಇದ್ದಾಗೇ ಬರೆಸಿರಬೇಕು ಅಂತಾರ. ಆಮ್ಯಾಲ ಕಾಯ್ಕೋತ ಕೂಡೋದು." ಕ್ಲಾಸು ನಕ್ಕಿತು. ನಾನೂ ನಕ್ಕೆ.

ಅಸೈನ್‌ಮೆಂಟ್: ನಿಮ್ಮ ಮನೆಯದೊಂದು ಕಲಾವಸ್ತು, ಬೇರೆ ದೇಶದ್ದೊಂದು, ಹೋಲಿಸಿ ಬರೆಯಿರಿ. ರೂಮ್‌ಮೇಟ್ ಅತಿಯಾ ಅಜ್ಜನ ಕಾಲದ ಬಿದ್ರಿ ಹೂಜಿ ತರುತ್ತಾಳಂತೆ. ನಮ್ಮ ಮನೆಯಲ್ಲಿ ಏನಿದೆ? ಕಂಬಳಿ. ಕುರಿ. ಮತ್ತೆ... ಟಾಕ.

ನವೆಂಬರ್ 10, ಭಾನುವಾರ. ಔರಾದ, ಮನೆ

ಮೊದಲ ಸಾಲು ಬರೆದೆ: "ಟಾಕ ಅಂದರೆ ಅಂಗೈಯಗಲದ ಬೆಳ್ಳಿ ತಗಡು. ಅಕಾಲದಲ್ಲಿ ಸತ್ತವರ ಮುಖವನ್ನು ಅದರಲ್ಲಿ ಉಬ್ಬಿಸಿ ದೇವರಕೋಣೆಯ ಜಗುಲಿಯ ಮೇಲೆ ದೇವರ ಪಕ್ಕ ಕೂರಿಸುತ್ತಾರೆ." ಚೆನ್ನಾಗಿದೆ. ಸರ್‌ಗೆ ಹಿಡಿಸುತ್ತದೆ.

ನಮ್ಮ ಜಗುಲಿಯ ಮೇಲೆ ಏಳು ಟಾಕ. ಏಳಕ್ಕೂ ಒಂದೇ ಮುಖ — ಗೆರೆಯಂಥ ಮೂಗು, ಜೋಳದ ಕಾಳಿನಂಥ ಕಣ್ಣು. ಪಾಪ, ಹಿಂದಿನವರಿಗೆ ಬಿಡಿಸಲು ಬರುತ್ತಿರಲಿಲ್ಲ.

ಕೌಸಲ್ಯತ್ತೆಯದು ಇಲ್ಲ. ಅಪ್ಪನ ತಂಗಿ. ಹತ್ತೊಂಬತ್ತನೇ ವಯಸ್ಸಿಗೆ ಹೊಲದ ಬಾವಿಯಲ್ಲಿ ಕಾಲು ಜಾರಿ ಹೋದವಳು. ನನಗೀಗ ಹತ್ತೊಂಬತ್ತು. ಅವಳ ಒಂದು ಫೋಟೊ ಕೂಡ ಇಲ್ಲ. ಈ ವರ್ಷ ಆಯಿಯ ಕನಸಿನಲ್ಲಿ ದಿನಾ ಬರುತ್ತಾಳಂತೆ, ಒದ್ದೆ ಸೀರೆಯಲ್ಲಿ. ಆಯಿ — ಅಪ್ಪನ ತಾಯಿ ಸಖುಬಾಯಿ, ಈ ಮನೆಯ ಹೈಕೋರ್ಟು — ನಿದ್ದೆಗೆಟ್ಟು ಕಡ್ಡಿಯಾಗಿದ್ದಾಳೆ.

"ಕೂಡ್ಲಕ್ಕ ಜಾಗಾ ಇಲ್ಲವ್ವಾ ಅಂತಾಳ. ನೀ ಚಿತ್ರ ಕಲೀಲಕತ್ತೀದಿ ಅಲಾ ಶೀತಲ, ಆಕಿ ಮಾರಿ ಬರಿ. ಹ್ಯಾಂಗಿದ್ದಳು ನಾ ಹೇಳ್ತೇನಿ."

ಹೇಳಿದಳು. ಹಣೆ ಅಗಲ. ಮೂಗು ಸಣ್ಣದು. ನಾಲ್ಕು ಹಾಳೆ ಬರೆದೆ, ನಾಲ್ಕಕ್ಕೂ "ಆಕಿ ಅಲ್ಲ". ಕೊನೆಗೆ ಬೇಜಾರಾಗಿ ಹಿತ್ತಲಿಗೆ ಹೋದೆ. ಗೋಡೆಗೆ ಕನ್ನಡಿ ಒರಗಿಸಿ ನನ್ನ ಮುಖವನ್ನೇ ಬರೆದೆ. ಕೂದಲು ಮಾತ್ರ ಬದಲಿಸಿದೆ. ಎಡಗೆನ್ನೆಯ ಮಚ್ಚೆ ಬಿಡಬೇಕಿತ್ತು, ಕೈ ತನ್ನಷ್ಟಕ್ಕೆ ಇಟ್ಟುಬಿಟ್ಟಿತು.

ಆಯಿ ಹಾಳೆಯನ್ನು ಎದೆಗೊತ್ತಿಕೊಂಡು ಅತ್ತಳು. "ಇಕಿನೇ. ಇಕಿನೇ ನನ್ನ ಕೌಸಲ್ಯಾ." ಆಗಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಇದುವರೆಗೆ ನಾನು ಬರೆದದ್ದರಲ್ಲಿ ಇದೇ ಚೆಂದದ್ದು. ಹೊಗಳಿಕೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ನವೆಂಬರ್ 16, ಶನಿವಾರ. ಭಾಲ್ಕಿ

ಆಯಿಯ ಜೊತೆ ಟಾಕ ಬಡಿಯುವ ಮನ್ಮಥಪ್ಪನವರ ಅಂಗಡಿಗೆ. ತಗಡನ್ನು ರಾಳದ ಮೇಲೆ ಕವುಚಿ ಹಾಕಿ ಹಿಂದಿನಿಂದ ಬಡಿಯುತ್ತಾರೆ. ಮುಗಿಯುವವರೆಗೂ ಮುಖ ನೋಡುವುದಿಲ್ಲ. ಕಣ್ಣಿನ ಗುಡ್ಡೆ ಖಾಲಿ ಬಿಡುತ್ತಾರೆ. ಅದನ್ನು ಮನೆಯವರೇ, ಕೂರಿಸುವ ದಿನ, ಜಾಲಿಮುಳ್ಳಿಗೆ ಕಾಡಿಗೆ ಹಚ್ಚಿ ಇಡಬೇಕು. ಅಲ್ಲಿಯವರೆಗೆ ಬರೀ ಬೆಳ್ಳಿ. ಆಮೇಲೆ ಕರಗಿಸುವ ಹಾಗಿಲ್ಲ.

ನನ್ನ ಚಿತ್ರ ನೋಡಿ ಸುತ್ತಿಗೆ ಕೆಳಗಿಟ್ಟರು.

"ನಮ್ಮಪ್ಪ ಎಲ್ಲಾರಿಗೂ ಒಂದೇ ಮಾರಿ ಬಡೀತಿದ್ದರು ತಂಗಿ. ಸತ್ತವರ ಮಾರಿ ಇದ್ದವರಿಗೆ ಹೋಲಬಾರದು ಅಂತಿದ್ದರು. ಇದು ಥೇಟ್ ಮನುಷ್ಯಾರ ಮಾರಿ ಅದ. ಹೀಂಗೇ ಮಾಡ್ಲೇನು?"

"ಹೀಂಗೇ ಮಾಡ್ರಿ," ಅಂದೆ. ರಿಯಲಿಸಂ ಓದಿದ ಜಂಬ. ಕೂರಿಸುವುದು ಡಿಸೆಂಬರ್ 8, ಐತವಾರ, ಮನೆದೇವರು ಖಂಡೋಬನ ವಾರ.

ನವೆಂಬರ್ 19, ಮಂಗಳವಾರ. ಬೀದರ

ಆಫ್ರಿಕಾದ ಮುಖವಾಡಗಳು. ಅವನ್ನು ನೋಡಿದ ಮೇಲೆ ಯುರೋಪಿನವರು ಮುಖ ಮುರಿದು ಬರೆಯತೊಡಗಿದ್ದು, ಕ್ಯೂಬಿಸಂ. ಹಿಂದಿನ ಬೆಂಚಿನಿಂದ ಯಾರೋ, ಮುಖವಾಡ ಕೆತ್ತಿದವರಿಗೆ ಸರಿಯಾಗಿ ಕೆತ್ತಲು ಬರುತ್ತಿರಲಿಲ್ಲವೇನೋ ಅಂದರು. ಸರ್ ಪಟ್ಟನೆ ತಿರುಗಿದರು. "ಬರ್ತಿತ್ತು. ಬ್ಯಾಡ ಅಂದ್ರು."

ನೋಟ್ಸ್ ಬರೆಯುವುದು ಅಲ್ಲಿಗೇ ನಿಂತಿತು. ನಮ್ಮ ಜಗುಲಿಯ ಏಳು ಒಂದೇ ಮುಖ... ಅವರಿಗೂ ಬರುತ್ತಿತ್ತು. ಬೇಡ ಅಂದರು.

ಅಸೈನ್‌ಮೆಂಟಿಗೆ ಇಪ್ಪತ್ತಕ್ಕೆ ಹತ್ತೊಂಬತ್ತು. ಖುಷಿಯಾಗಲಿಲ್ಲ.

ನವೆಂಬರ್ 30, ಶನಿವಾರ. ಭಾಲ್ಕಿ ಸ್ಟೇಷನ್, ಮಧ್ಯಾಹ್ನ 2

ಟಾಕ ತರಲು ಒಬ್ಬಳೇ ಬಂದೆ. ಮನ್ಮಥಪ್ಪನವರು ಕನ್ನಡಕ ಏರಿಸಿ ನೋಡಿದರು.

"ಮತ್ತ ಯಾಕ ಬಂದಿ ತಂಗಿ? ಮುಂಜಾನೇನೇ ಒಯ್ದಿಯಲ್ಲ? ಇಲ್ಲೇ ಕೂತು ಚಾ ಕುಡದು ಹೋದಿ. ಸೆರಗು ತೊಯ್ದಿತ್ತು. ಮಳಿ ಎಲ್ಲಿ ಆಯ್ತವ್ವಾ ಅಂತ ಕೇಳ್ದೆ, ನಕ್ಕಿ."

ಬೆಳಿಗ್ಗೆ ನಾನು ಬೀದರದಲ್ಲಿ ಕ್ಲಾಸಿನಲ್ಲಿದ್ದೆ. ನಾನು ಹಾಕುವುದು ಚೂಡಿದಾರ. ಸೆರಗು ಎಲ್ಲಿಂದ? ಗಿರಾಕಿಗಳು ಕೂರುವ ಮಣೆ ಮುಟ್ಟಿ ನೋಡಿದೆ. ತಣ್ಣಗೆ, ಹಸಿ.

ಆಯಿಗೆ ಫೋನ್ ಮಾಡಿದೆ. "ಮುಟ್ಟಿತಲ್ಲ. ನೀನೇ ಈಗ ಕೊಟ್ಟು ಹೋದಿ. ಉಂಡು ಹೋಗು ಅಂದ್ರ ನಿಲ್ಲಲಿಲ್ಲ."

ಬರೆದದ್ದನ್ನು ತಿರುಗಿ ಓದಿದೆ. ಅಕ್ಷರ ನನ್ನದೇ ಅನಿಸುತ್ತಿಲ್ಲ.

ಡಿಸೆಂಬರ್ 4, ಬುಧವಾರ. ಬೀದರ

ಅಟೆಂಡೆನ್ಸ್. ನನ್ನ ಹೆಸರು ಕೂಗಿದರು. "ಸರ್" ಅಂದೆ. ಮತ್ತೆ ಕೂಗಿದರು. ಗಟ್ಟಿಯಾಗಿ ಅಂದೆ. ಆಬ್ಸೆಂಟ್ ಹಾಕಿದರು. ಪಕ್ಕದಲ್ಲೇ ಕೂತ ಅತಿಯಾಳ ತೋಳು ಹಿಡಿದರೆ ಬೆಚ್ಚಿಬಿದ್ದಳು. "ಯಾ ಅಲ್ಲಾ! ಯಾವಾಗ ಬಂದಿ ನೀ?"

ಮಧ್ಯಾಹ್ನ ಪ್ರಾಕ್ಟಿಕಲ್: ಸ್ವಂತ ಮುಖ, ಕನ್ನಡಿ ನೋಡಿ. ಮೂಗು ಬಂತು. ಮಚ್ಚೆ ಬಂತು. ಕಣ್ಣಿನ ಗುಡ್ಡೆ ಬರಲಿಲ್ಲ. ಇದ್ದಿಲನ್ನು ಎಷ್ಟು ಒತ್ತಿದರೂ ಆ ಎರಡು ಜಾಗದಲ್ಲಿ ಹಾಳೆ ಬಣ್ಣ ಹಿಡಿಯಲಿಲ್ಲ.

ಸಂಜೆ ಆಯಿಗೆ ಫೋನ್. ಎಲ್ಲ ಹೇಳಿಬಿಡೋಣ ಅಂತ. "ಹಲೋ... ಹಲೋ... ಯಾರೂ ಮಾತಾಡವಲ್ಲರು" ಅಂತ ಇಟ್ಟಳು. ನಾನು ಕಿರುಚುತ್ತಿದ್ದೆ.

ಹೆದರಿಕೆಯಾಗುತ್ತಿದೆ. ಬರೆದರೆ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಹೋಗಿ ಹೇಳಬೇಕು — ಆ ಮುಖ ನನ್ನದು, ಕರಗಿಸು ಅಂತ. ಕಣ್ಣು ಇಡುವ ಮೊದಲು. ಬೈದರೆ ಬೈಯಲಿ.

ಡಿಸೆಂಬರ್ 8, ಭಾನುವಾರ. ಔರಾದ, ಬೆಳಿಗ್ಗೆ 10.40

ಹೊರಡುವಾಗ ನನ್ನ ಬ್ಯಾಗು ಸಿಗಲಿಲ್ಲ. ಈ ಡೈರಿಯೊಂದೇ ಹಿಡಿದು ಬಂದೆ. ಬಸ್ಸಿನಲ್ಲಿ ಒಬ್ಬಾಕೆ ಖಾಲಿ ಸೀಟೆಂದು ತಿಳಿದು ನನ್ನ ತೊಡೆಯ ಮೇಲೆಯೇ ಗಂಟು ಇಟ್ಟಳು.

ಮನೆ ಸಾರಿಸಿದೆ. ಭಂಡಾರದ ಅರಿಸಿನಪುಡಿಯ ವಾಸನೆ. ಬಟ್ಟಲಲ್ಲಿ ಕುರಿಹಾಲು. ಕಂಬಳಿಯ ಮೇಲೆ ಟಾಕ, ಪಕ್ಕದಲ್ಲಿ ಮುಳ್ಳು, ಕಾಡಿಗೆ. ಕಣ್ಣು ಇನ್ನೂ ಖಾಲಿ. ಸಮಯಕ್ಕೆ ಸರಿಯಾಗಿ ಬಂದೆ!

ಆಯಿ ಒಬ್ಬಳೇ ಇದ್ದಳು. ಕಾಲು ಹಿಡಿದು ಎಲ್ಲ ಹೇಳಿದೆ. ಹಿತ್ತಲು, ಕನ್ನಡಿ, ಸುಳ್ಳು. ಆಯಿ ನನ್ನ ತಲೆ ಸವರಿದಳು. ಎಷ್ಟೋ ದಿನದ ಮೇಲೆ ಒಬ್ಬರು ನನ್ನನ್ನು ನೇರ ನೋಡಿದ್ದು. ಅಳು ತಡೆಯಲಾಗಲಿಲ್ಲ.

"ಅಳಬ್ಯಾಡ ಕೌಸಲ್ಯಾ. ಜಾಗಾ ಆಯ್ತಲ್ಲ ಇನ್ನ. ಶೀತಲ ಬರ್ಲಿ ತಡಿ. ನಿನ್ನ ಮಾರಿ ಬರದಾಕಿ ಆಕಿ, ಕಣ್ಣೂ ಆಕಿನೇ ಇಡ್ಲಿ."

"ಆಯಿ, ನಾನೇ ಶೀತಲ."

"ಹ್ಞೂ ಮಗಾ, ಹ್ಞೂ," ಅಂದಳು, ಕೂಸನ್ನು ಸುಮ್ಮನಿರಿಸುವ ಹಾಗೆ. ನನ್ನ ದುಪಟ್ಟಾದ ತುದಿ ಹಿಡಿದು ಹಿಂಡಿದಳು. ನೆಲದ ಮೇಲೆ ನೀರು ಇಳಿಯಿತು.

11.05

ಟಾಕ ಎತ್ತಿಕೊಂಡು ಓಡಬೇಕೆಂದು ಕೈ ಚಾಚಿದೆ. ಕೈ ಅದನ್ನು ಹಿಡಿಯುತ್ತಿಲ್ಲ. ಪೆನ್ನು ಮಾತ್ರ ಹಿಡಿಯುತ್ತದೆ. ಜಗುಲಿಯ ಪಕ್ಕದ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಹೊರಗೆ ಆಟೊ ನಿಂತಿತು. ಅಪ್ಪನ ದನಿ — "ಬಾರವ್ವ ಶೀತಲ. ಬಸ್ ಲೇಟಾಯ್ತೇನು?"

ಒಳಗೆ ಬಂದವಳ ಹೆಗಲಲ್ಲಿ ನನ್ನ ಬ್ಯಾಗು. ಎಡಗೆನ್ನೆಯಲ್ಲಿ ಮಚ್ಚೆ. ಆಯಿ ದೃಷ್ಟಿ ತೆಗೆದಳು. ಬಂದವಳು ಕಂಬಳಿಯ ಮೇಲೆ ಕೂತಳು. ಮುಳ್ಳು ಎತ್ತಿಕೊಂಡಳು. ನನ್ನ ಕಡೆ ನೋಡಿ ನಕ್ಕಳು.

ಎಡಗಣ್ಣು ಇಟ್ಟಳು —

ನನ್ನ ಎಡಗಣ್ಣಿಗೆ ಈ ಮೂಲೆ ಕಾಣುತ್ತಿಲ್ಲ. ಮೇಲೆ ತೊಲೆ. ಆಯಿಯ ಗದ್ದ. ನನ್ನದೇ ಮುಖ, ಬಗ್ಗಿ, ಬಹಳ ಹತ್ತಿರ. ಮುಳ್ಳಿನ ಕಪ್ಪು ತುದಿ ಬಲಕ್ಕೆ ಸರಿಯುತ್ತಿದೆ.

ಬಲಗಣ್ಣಿಗೆ ಇನ್ನೂ ಹಾಳೆ ಕಾಣುತ್ತಿದೆ. ಬೇಗ. ಇದು ಯಾರಿಗಾದರೂ ಸಿಕ್ಕರೆ — ನನ್ನ ಹೆಸರು ಶೀ