ಎರಡು ಪರದೆಗಳು

ಜೂನ್ ೧೪, ಭಾನುವಾರ

ಮನಸ್ಸಿಗೆ ನೆಮ್ಮದಿಯೇ ಇಲ್ಲ. ನಾನೇ ಜೋಡಿಸಲಿರುವ ಮೊದಲ ಗೇಮಿಂಗ್ ಕಂಪ್ಯೂಟರಿನ ಭಾಗಗಳನ್ನು ಆರಿಸಲು ಅಪ್ಪನನ್ನೂ ಅಂಗಡಿಗೆ ಕರೆದೊಯ್ದಿದ್ದೆ. ಇದ್ದ ದುಡ್ಡಿನಲ್ಲಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಕೊಂಡರೆ ಅಗ್ಗದ ಮಾನಿಟರೇ ಗತಿ. ಅಂಗಡಿಯವನು ಎರಡು ಪರದೆಗಳಲ್ಲಿ ಒಂದೇ ಕಾರ್ ಆಟ ಹಾಕಿ ತೋರಿಸಿದ. ಅಗ್ಗದ್ದರಲ್ಲಿ ಎಲ್ಲವೂ ಮಸುಕು ಮಸುಕು.

"ಎರಡೂ ಒಂದೇ ಥರ ಇದೆಯಲ್ಲಮ್ಮ, ಕಡಿಮೆದೇ ತಗೋ," ಎಂದರು ಅಪ್ಪ.

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಹೊರಗೆ ಬಂದ ಮೇಲೆ ಕೇಳಿದೆ, "ಯಾವಾಗಿಂದ ಕಣ್ಣು ಸರಿಯಾಗಿ ಕಾಣ್ತಿಲ್ಲ ಅಪ್ಪಾ?"

"ಅಮ್ಮಂಗೆ ಹೇಳ್ಬೇಡ. ದಾರಿಯೆಲ್ಲ ನಂಗೆ ಬಾಯಿಪಾಠ."

ನಾಳೆ ಬೆಳಗ್ಗೆ ಶಾಲೆಯ ವ್ಯಾನ್ ಓಡಿಸುವವರು ಅವರೇ. ದಾರಿ ಬಾಯಿಪಾಠವಿರಬಹುದು, ಅಡ್ಡ ಓಡಿಬರುವ ಮಕ್ಕಳು?

ಏನನ್ನೂ ಕೊಳ್ಳದೆ ಬಂದೆವು. ಅಪ್ಪ ಮಲಗಿದ ಮೇಲೆ ವ್ಯಾನಿನ ಕೀಲಿ ತಂದು ನನ್ನ ದಿಂಬಿನಡಿ ಇಟ್ಟುಕೊಂಡಿದ್ದೇನೆ. ಬೆಳಗ್ಗೆ ಅವರು ಹುಡುಕುತ್ತ ಬಂದಾಗ ಯಾವ ಮುಖ ಹೊತ್ತು ಕೊಡಲ್ಲ ಎನ್ನಲಿ?